ಮಧ್ಯಾಹ್ನ ಮಾತ್ರ

ಶನಿವಾರ ಸಂಜೆಯೊಳಗೆ ಹೇಳಿಬಿಡಬೇಕು ಎಂದು ವಾರ್ಡನ್ ಚನ್ನವೀರಯ್ಯನವರು ವಾರದ ಮೊದಲೇ ಎಚ್ಚರಿಸಿದ್ದರು. ಶನಿವಾರ ಬಂದಿತ್ತು, ಮಧ್ಯಾಹ್ನವೂ ಆಗಿತ್ತು. ಸದಾಶಿವ ಇನ್ನೂ ಏನನ್ನೂ ನಿರ್ಧರಿಸದೆ ಹಾಸ್ಟೆಲಿನ ಗೇಟಿನ ಕಡೆ ಹೊರಟಿದ್ದ. ಮೆಸ್ಸಿನ ಕಿಟಕಿಯ ಮುಂದೆ ಹಾಯುವಾಗ ಎಂದಿನಂತೆ ಉಸಿರು ಬಿಗಿಹಿಡಿದ. ಆದರೂ ಹುರುಳಿಕಾಳಿನ ಸಾರಿನ ಒಗ್ಗರಣೆ ಮೂಗಿಗೆ ಬಂದೇ ಬಂತು. ಒಳಗೆ ಸಾಲಾಗಿ ಕೂತ ಹುಡುಗರು ತಟ್ಟೆ ಬಡಿಯುತ್ತಿದ್ದರು. ಅಡುಗೆಯ ಪುಟ್ಟರಂಗಯ್ಯ ಬಕೆಟ್ಟು ಹಿಡಿದು 'ಬಂದೆ ಕಣ್ರಪ್ಪಾ, ಬಂದೆ' ಎಂದು ಓಡಾಡುತ್ತಿದ್ದ. ಯಾರೋ ಏನೋ ಅಂದದ್ದಕ್ಕೆ ಇಡೀ ಸಾಲು ನಕ್ಕಿತು. ಆ ನಗು ತನ್ನ ಮೇಲಿನದಲ್ಲ ಎಂದು ಗೊತ್ತಿದ್ದೂ ಅವನ ಕಿವಿ ಬಿಸಿಯಾಯಿತು. ರೂಮಿನ ಜೊತೆಗಾರ, ಗುಬ್ಬಿಯ ಪಟ್ಟಾಭಿರಾಮ, ಕಿಟಕಿಯ ಪಕ್ಕದ ಜಾಗದಿಂದ ಕತ್ತು ಚಾಚಿ, 'ಏನಯ್ಯಾ, ಅತ್ತೆ ಮನೆಗಾ? ಅತ್ತೆಗೆ ಮಗಳಿದಾಳೋ ಇಲ್ವೋ ಅದನ್ನಾದ್ರೂ ಹೇಳಯ್ಯ' ಎಂದ. ಇದು ಅವನ ದಿನದ ಮಾತು. ಸದಾಶಿವ ದಿನದ ಹಾಗೆಯೇ ನಕ್ಕ. ಅತ್ತೆಗೆ ಮಗಳೂ ಇಲ್ಲ, ಮಗನೂ ಇಲ್ಲ. ಇಲ್ಲದ್ದರಿಂದಲೇ ಎಲ್ಲ ಆದದ್ದು ಎಂಬುದನ್ನು ಇವನಿಗೆ ಹೇಗೆ ಹೇಳುವುದು, ಯಾಕಾದರೂ ಹೇಳಬೇಕು.

ಬರುವ ತಿಂಗಳಿಂದ ಮೆಸ್ಸಿನ ವ್ಯವಸ್ಥೆ ಬದಲಾಗುತ್ತಿತ್ತು. ಇಷ್ಟು ದಿನ ಬೇಕಾದವರು ಅಲ್ಲಿ ಉಣ್ಣುತ್ತಿದ್ದರು, ಬೇಡದವರು ಊರೊಳಗೆ ನೆಂಟರ ಮನೆಯಲ್ಲೋ ಹೋಟೆಲಿನಲ್ಲೋ ನೋಡಿಕೊಳ್ಳುತ್ತಿದ್ದರು. ಇನ್ನು ಹಾಗಿಲ್ಲ. ಎರಡೂ ಹೊತ್ತಿಗೆ ಸೇರಬಹುದು, ಮಧ್ಯಾಹ್ನಕ್ಕೆ ಮಾತ್ರ ಸೇರಬಹುದು, ರಾತ್ರಿಗೆ ಮಾತ್ರ ಸೇರಬಹುದು. ಯಾವುದಕ್ಕೂ ಸೇರದವರು ರೂಮು ಬಿಡಬೇಕು. ರೂಮು ಬಿಟ್ಟರೆ ಸದಾಶಿವನಿಗೆ ತುಮಕೂರಿನಲ್ಲಿ ತಲೆಯಿಡಲು ಜಾಗವಿರಲಿಲ್ಲ. ಮಾವ ಮಹಾಲಿಂಗಯ್ಯ ಮೊದಲ ದಿನವೇ ಅಪ್ಪನಿಗೆ ಹೇಳಿಬಿಟ್ಟಿದ್ದರು: 'ಉಣ್ಣೋಕೆ ಬರ್ಲಿ ಅಡವಿಯಪ್ಪ, ಬ್ಯಾಡ ಅನ್ನಲ್ಲ. ಮಲಗೋಕೆ ಮಾತ್ರ ನಮ್ಮನೇಲಿ ಜಾಗ ಇಲ್ಲ.' ಅಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದಿದ್ದ. ಬಸ್ ಸ್ಟ್ಯಾಂಡಿನಲ್ಲಿ, ಕುಣಿಗಲ್ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಹಿಂದೆ ಜನ ನೂಕುತ್ತಿದ್ದರೂ ತಿರುಗಿ ನಿಂತು, 'ಎರಡು ಹೊತ್ತೂ ಅತ್ತೆ ಕೈಲೇ ಉಣ್ಣು ಕಣ್ಲಾ. ನಿನಗೋಸ್ಕರ ಹೇಳ್ತಿಲ್ಲ ನಾನು' ಅಂದಿದ್ದ. ಆ ಮಾತಿನ ಎರಡನೆಯ ಭಾಗ ಸದಾಶಿವನಿಗೆ ಅರ್ಥವಾಗಲು ಕೆಲವು ವಾರ ಬೇಕಾದವು.

ಯೋಚಿಸಿದರೆ ಇದು ಸುಲಭವೇ. ವಾರ್ಡನ್ ಹೀಗೆ ಮಾಡಿದ್ದಾರೆ, ಒಂದು ಹೊತ್ತಾದರೂ ಸೇರಲೇಬೇಕು, ನಾನೇನು ಮಾಡಲಿ ಅತ್ತೆ ಎಂದರೆ ಮುಗಿಯಿತು. ಸುಳ್ಳೂ ಅಲ್ಲ. ಆದರೆ ವಾರ್ಡನ್ ನೋಟೀಸು ಬೋರ್ಡಿನ ಮುಂದೆ ನಿಂತು ಇದನ್ನು ಹೇಳಿದಾಗ ತನ್ನ ಎದೆಯಲ್ಲಿ ಏನಾಯಿತು ಎಂಬುದು ಅವನಿಗೆ ಗೊತ್ತಿತ್ತು. ಖುಷಿಯಾಗಿತ್ತು. ಶಾಲೆಗೆ ರಜಾ ಎಂದು ಹೇಳಿದಾಗ ಆಗುವಂಥದ್ದು, ಅಷ್ಟೇ ಹಗುರವಾದದ್ದು, ಅಷ್ಟೇ ನಾಚಿಕೆಯಿಲ್ಲದ್ದು. 'ವಾರ್ಡನ್ ಹೀಗೆ ಮಾಡಿದ್ದಾರೆ' ಎನ್ನುವಾಗ ಆ ಖುಷಿ ಎಲ್ಲಿ ದನಿಯಲ್ಲಿ ಇಣುಕಿಬಿಡುತ್ತದೋ ಎಂದು ಅವನು ವಾರವಿಡೀ ಹೆದರಿದ್ದ. ಅತ್ತೆಗೆ ಓದು ಬರುತ್ತಿರಲಿಲ್ಲ. ದನಿ ಮಾತ್ರ ಚೆನ್ನಾಗಿ ಕೇಳುತ್ತಿತ್ತು.

ಚಿಕ್ಕಪೇಟೆಯ ಆ ಮನೆಗೆ ಬೀದಿಯ ಕಡೆ ಅಗಲವಾದ ಜಗಲಿಯಿತ್ತು, ಕೆತ್ತನೆಯ ಬಾಗಿಲಿತ್ತು. ಸದಾಶಿವ ಆ ಬಾಗಿಲಿನಿಂದ ಹೋದದ್ದು ಅಪ್ಪನ ಜೊತೆ ಬಂದ ಮೊದಲ ದಿನ ಮಾತ್ರ. ಆಮೇಲೆ ಪಕ್ಕದ ಓಣಿ, ಬಚ್ಚಲ ನೀರು ಹರಿಯುವ ಕಲ್ಲುಚಪ್ಪಡಿ, ಹಿತ್ತಿಲ ಬಾಗಿಲು. ಹೀಗೆ ಬಾ ಎಂದು ಯಾರೂ ಹೇಳಿರಲಿಲ್ಲ. ಹಿಂದುಗಡೆಯ ಪಡಸಾಲೆಯಲ್ಲಿ, ಹಳೆಯ ಕಬ್ಬಿಣದ ಸಾಮಾನು ಒಟ್ಟಿದ್ದ ಮೂಲೆಯನ್ನು ಖಾಲಿ ಮಾಡಿಕೊಂಡು, ಅತ್ತೆ ತಾನೇ ಮಣ್ಣು ಕಲಸಿ ಒಂದು ಒಲೆ ಹಾಕಿಕೊಂಡಿದ್ದಳು. ಒಳಗಿನ ಅಡುಗೆಮನೆ ಉಮಾಮಹೇಶ್ವರಿಯದು. ಮಕ್ಕಳಾಗಲಿಲ್ಲವೆಂದು ಮಾವ ಅವಳನ್ನು ಕಟ್ಟಿಕೊಂಡು ಬಂದಂದಿನಿಂದ ಅತ್ತೆ ಸರ್ವಮಂಗಳಮ್ಮ ಆ ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ, ಅಲ್ಲಿ ಬೆಂದ ಒಂದಗುಳನ್ನೂ ಬಾಯಿಗೆ ಹಾಕಿರಲಿಲ್ಲ. ಜಗಳವಾಡಲಿಲ್ಲ, ತವರಿಗೆ ಹೋಗಲಿಲ್ಲ, ಅತ್ತದ್ದನ್ನೂ ಯಾರೂ ಕಂಡಿರಲಿಲ್ಲ. ತನ್ನದನ್ನು ತಾನು ಬೇಯಿಸಿಕೊಂಡಳು, ಅಷ್ಟೇ. ಅದು ಮಾವನಿಗೆ ಜಗಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದ ಅವರಿಗೆ ಮನೆಗೆ ಬಂದವರ ಕಣ್ಣಿಗೆ ಹಿತ್ತಿಲ ಹೊಗೆ ಬಿದ್ದರೆ ಸಿಟ್ಟು ಬರುತ್ತಿತ್ತು. 'ಒಬ್ಬಳ ಹೊಟ್ಟೆಗೆ ಒಂದು ಒಲೆ. ನಾಲ್ಕು ಜನದ ಮುಂದೆ ನನ್ ಮಾನ ಕಳೆಯೋಕೆ' ಎಂದು ಗೊಣಗುತ್ತಿದ್ದರಂತೆ. ಎಪ್ಪತ್ತೊಂಬತ್ತರ ಆ ಜೂನಿನಲ್ಲಿ ಸದಾಶಿವ ಬಿ.ಎಸ್ಸಿ.ಗೆ ಸೇರಿದ ಮೇಲೆ ಗೊಣಗುವುದಕ್ಕೆ ಆಗಲಿಲ್ಲ. ತಮ್ಮನ ಮಗನಿಗೆ ಬೇಯಿಸಿ ಹಾಕುವವಳನ್ನು ಯಾರು ಏನೆನ್ನಲು ಸಾಧ್ಯ? ಹುತ್ರಿದುರ್ಗದ ಕೆಳಗಿನ ಅಪ್ಪನ ಹೊಲದ ರಾಗಿ ಕುಣಿಗಲ್ ಬಸ್ಸಿನ ಟಾಪಿನ ಮೇಲೆ ಬರುತ್ತಿತ್ತು. ಅತ್ತೆ ತಾನೇ ಸ್ಟ್ಯಾಂಡಿಗೆ ಹೋಗಿ, ಮೂಟೆಯ ಬಾಯಿ ಬಿಚ್ಚಿ, ಒಂದು ಹಿಡಿ ರಾಗಿಯನ್ನು ಅಂಗೈಯಲ್ಲಿ ಹರವಿ ಮೂಸಿನೋಡಿ, ಆಮೇಲೆ ಜಟಕಾಕ್ಕೆ ಹೇರಿಸುತ್ತಿದ್ದಳು. ಮುಂಬಾಗಿಲ ಮುಂದೆಯೇ ಇಳಿಸಿಕೊಳ್ಳುತ್ತಿದ್ದಳು.

'ಬಂದ್ಯಾ? ಕೈಕಾಲು ತೊಳ್ಕೊ' ಎಂದಳು ಅತ್ತೆ. ಹೊಗೆಗೆ ಅವಳ ಕಣ್ಣು ಕೆಂಪಾಗಿದ್ದವು. ಅವನ ಹಣೆಗೆ ತಾನೇ ವಿಭೂತಿ ಹಚ್ಚಿ, ಅಡ್ಡಣಿಗೆಯ ಮೇಲೆ ತಟ್ಟೆಯಿಟ್ಟು, ಮುದ್ದೆ ಹಾಕಿದಳು. ಆಮೇಲೆ ಎದುರಿಗೆ ತನ್ನ ತಟ್ಟೆಯನ್ನೂ ಇಟ್ಟುಕೊಂಡು ಕೂತಳು. ಈ ಕ್ಷಣಕ್ಕಾಗಿಯೇ ಅವಳು ಬೆಳಗಿನಿಂದ ಕಾಯುತ್ತಿದ್ದಳು ಎಂಬುದು ಅವಳು ಸೆರಗು ಸರಿಮಾಡಿಕೊಂಡು ಕೂರುವ ರೀತಿಯಲ್ಲೇ ತಿಳಿಯುತ್ತಿತ್ತು. ಮುದ್ದೆಯಲ್ಲಿ ಗಂಟಿತ್ತು. ಸಾರಿಗೆ ಉಪ್ಪು ಹೆಚ್ಚಾಗಿತ್ತು. ನಿನ್ನೆ ಉಪ್ಪೇ ಇರಲಿಲ್ಲ. ಅತ್ತೆಯ ಕೈಗೆ ಅಡುಗೆ ಒಲಿದಿರಲಿಲ್ಲ. ಒಳಗಿನಿಂದ ಉಮಾಮಹೇಶ್ವರಿ ಹುರಿದ ತೆಂಗಿನಕಾಯಿಯ ವಾಸನೆ ಬರುತ್ತಿತ್ತು, ಆ ವಾಸನೆಯನ್ನು ನಂಚಿಕೊಂಡವನ ಹಾಗೆ ಸದಾಶಿವ ತುತ್ತು ನುಂಗುತ್ತಿದ್ದ. ಒಮ್ಮೆ, ಸೇರಿದ ಹೊಸದರಲ್ಲಿ, ಅವಳು ಒಂದು ಬಟ್ಟಲು ಶ್ಯಾವಿಗೆ ಪಾಯಸ ತಂದು ನಡುಬಾಗಿಲ ಬಳಿ ಇಟ್ಟು, 'ಹುಡುಗನಿಗೆ ಅಕ್ಕಾ' ಅಂದು ಹೋಗಿದ್ದಳು. ಅತ್ತೆ ಬೇಡವೆನ್ನಲಿಲ್ಲ, ತಗೋ ಎಂದೂ ಅನ್ನಲಿಲ್ಲ. ಒಲೆಯ ಬೂದಿಯನ್ನು ಕೆದಕುತ್ತ ಕೂತಳು. ಬಟ್ಟಲು ಅಲ್ಲೇ ಇತ್ತು. ಸಂಜೆ ಬಂದಾಗ ಅದಕ್ಕೆ ಇರುವೆ ಮುತ್ತಿದ್ದವು. ಇರುವೆಗಳ ನಡುವೆ ಉಬ್ಬಿದ ಒಣದ್ರಾಕ್ಷಿ ಕಾಣುತ್ತಿತ್ತು. ಆ ದ್ರಾಕ್ಷಿ ಅವನಿಗೆ ಈಗಲೂ ನೆನಪಾಗುತ್ತದೆ, ಪಾಯಸಕ್ಕೆ ಆಸೆಪಟ್ಟದ್ದು ನೆನಪಾಗುತ್ತದೆ, ಅತ್ತೆಗಾಗಿ ಅಲ್ಲ, ಧೈರ್ಯವಿಲ್ಲದೆ ಬಿಟ್ಟದ್ದು ಎಂಬುದೂ ನೆನಪಾಗುತ್ತದೆ.

'ಅವರೆಕಾಯಿ ಕಾಲ ಬರ್ಲಿ, ಹಿತಕಿದಬೇಳೆ ಸಾರು ಮಾಡ್ತೀನಿ. ನಿಮ್ಮಪ್ಪನಿಗೆ ಅದಂದ್ರೆ ಪ್ರಾಣ. ಸಣ್ಣೋನಿದ್ದಾಗ ಹಿತಕೋಕೆ ಕೂರಿಸಿದ್ರೆ ಹಸೀದೇ ಬಾಯಿಗ್ ಹಾಕ್ಕೋತಿದ್ದ' ಎಂದು ಅತ್ತೆ ನಕ್ಕಳು. ಈಗ ಹೇಳಬೇಕು ಎಂದುಕೊಂಡ ಸದಾಶಿವ. ಬಾಯಲ್ಲಿದ್ದ ತುತ್ತು ಇಳಿಯಲಿ ಎಂದು ಕಾದ. ಇಳಿದ ಮೇಲೆ ನೀರು ಕುಡಿದ. 'ಅತ್ತೆ, ಬರೋ ತಿಂಗಳಿಂದ ಮಧ್ಯಾಹ್ನ ಪ್ರಾಕ್ಟಿಕಲ್ಸ್ ಇಟ್ಟವ್ರೆ' ಎಂದ. ಅಂದದ್ದು ತಾನೇ ಎಂದು ಅವನಿಗೆ ಅನ್ನಿಸಲಿಲ್ಲ. 'ಅಂದ್ರೆ?' 'ಲ್ಯಾಬಿನಲ್ಲಿರ್ಬೇಕು. ಬರೋಕಾಗಲ್ಲ ಮಧ್ಯಾಹ್ನ. ಭಾನುವಾರ ಬರ್ತೀನಿ. ರಾತ್ರಿ ದಿನಾ ಬರ್ತೀನಿ.' ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. 'ಮತ್ತೆ ಏನ್ ತಿಂತೀಯೋ?' 'ಬನ್ನು, ಬಾಳೆಹಣ್ಣು, ಏನೋ ಒಂದು.' 'ಬನ್ನು!' ಎಂದಳು ಅತ್ತೆ, ಯಾರೋ ತನ್ನನ್ನು ಬೈದಹಾಗೆ. ಆಮೇಲೆ, 'ಓದೋ ಹುಡುಗ್ರಿಗೆ ಊಟಕ್ಕೂ ಬಿಡ್ದೆ ಹಿಂಗ್ ಮಾಡ್ತಾರಲ್ಲ' ಎಂದು ಯಾವ ಮೇಷ್ಟರಿಗೋ ಶಾಪ ಹಾಕುತ್ತ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಸುರಿದಳು. ವಾರವಿಡೀ ತೂಗಿ ನೋಡಿದ ವಿಷಯವನ್ನು ನಾಲಗೆ ಒಂದು ಕ್ಷಣದಲ್ಲಿ ಮುಗಿಸಿಬಿಟ್ಟಿತ್ತು. ನಿಜ ಹೇಳಿದ್ದರೂ ಇಷ್ಟೇ ಆಗುತ್ತಿತ್ತು. ನಿಜವೇ ಸಾಕಾಗಿದ್ದಲ್ಲಿ ಸುಳ್ಳು ಹೇಳಿದವನಿಗೆ ಏನೆನ್ನಬೇಕು ಎಂದು ಯೋಚಿಸುತ್ತ ಅವನು ಆ ಉಪ್ಪುಸಾರನ್ನು ಕೊನೆಯ ತನಕ ಉಂಡ.

ಸಂಜೆ ವಾರ್ಡನ್ನಿನ ಕೋಣೆಯ ಮುಂದೆ ಹುಡುಗರ ಸಾಲಿತ್ತು. ಎಲ್ಲರೂ 'ಎರಡೂ ಹೊತ್ತು ಸಾರ್' ಎನ್ನುತ್ತಿದ್ದರು, ಚನ್ನವೀರಯ್ಯ ತಲೆಯೆತ್ತದೆ ಬರೆದುಕೊಳ್ಳುತ್ತಿದ್ದರು. ಸದಾಶಿವ 'ಮಧ್ಯಾಹ್ನ ಮಾತ್ರ ಸಾರ್' ಅಂದಾಗ ತಲೆಯೆತ್ತಿದರು. 'ರಾತ್ರಿ ಎಲ್ಲಪ್ಪ?' 'ನಮ್ಮತ್ತೆ ಮನೇಲಿ ಸಾರ್.' 'ಮಧ್ಯಾಹ್ನ ಅತ್ತೆ ಮನೇಲಿರಲ್ವೋ?' ಹಿಂದೆ ನಿಂತಿದ್ದವರು ನಕ್ಕರು. ಚನ್ನವೀರಯ್ಯನವರು ಕೆಟ್ಟವರಲ್ಲ, ಕಾಲೇಜಿನಲ್ಲಿ ಮೇಷ್ಟರೂ ಆಗಿದ್ದ ಅವರು ಲ್ಯಾಬಿನಲ್ಲಿ ಹುಡುಗರು ಗಾಜು ಒಡೆದರೂ ಬೈಯುತ್ತಿರಲಿಲ್ಲ. ಸಾಲು ಉದ್ದವಿತ್ತು, ಬೇಸರಕ್ಕೆ ಒಂದು ಮಾತು ಅಂದಿದ್ದರು. ಆದರೆ ಸದಾಶಿವ ಆ ಪ್ರಶ್ನೆಗೆ ನಿಜವಾದ ಉತ್ತರವನ್ನು ಹುಡುಕತೊಡಗಿ ತಡಬಡಿಸಿದ. ರಾತ್ರಿ ಅತ್ತೆಗೆ ಯಾರೂ ಇರುವುದಿಲ್ಲ, ಅದಕ್ಕೆ ರಾತ್ರಿಯನ್ನು ಅವಳಿಗೆ ಬಿಟ್ಟಿದ್ದೇನೆ ಎಂದುಕೊಂಡ. ಅದು ಅಷ್ಟು ನಿಜವಲ್ಲ. ಮಧ್ಯಾಹ್ನ ಬೆಳಕಿರುತ್ತದೆ, ಓಣಿಯಲ್ಲಿ ತಿರುಗುವುದನ್ನು ಕಾಲೇಜಿನ ಹುಡುಗರು ನೋಡುತ್ತಾರೆ. ಮೆಸ್ಸಿನ ಗಲಾಟೆ ಇರುವುದೂ ಮಧ್ಯಾಹ್ನವೇ. ಅವನು ಅತ್ತೆಗೆ ಉಳಿಸಿದ್ದು ಕತ್ತಲೆಯನ್ನು. 'ಹೋಗಪ್ಪ, ಮುಂದಿನೋರು ಬರ್ಲಿ' ಎಂದರು ವಾರ್ಡನ್.

ಮೆಸ್ಸಿನ ಮೊದಲ ದಿನ ಪಟ್ಟಾಭಿ ತನ್ನ ಪಕ್ಕದ ಜಾಗಕ್ಕೆ ಟವೆಲು ಹಾಸಿ ಹಿಡಿದಿಟ್ಟಿದ್ದ. ಒಂದು ವಾರದಲ್ಲಿ ಸದಾಶಿವನಿಗೂ ತಟ್ಟೆ ಬಡಿಯುವುದು ಬಂತು. ಯಾರು ಎಷ್ಟು ಮುದ್ದೆ ಇಳಿಸುತ್ತಾರೆ, ಮಜ್ಜಿಗೆಗೆ ಪುಟ್ಟರಂಗಯ್ಯ ಎಷ್ಟು ನೀರು ಬೆರೆಸುತ್ತಾನೆ, ಕ್ಯಾತ್ಸಂದ್ರದ ಕಡೆಯಿಂದ ಬರುವ ಮೇಷ್ಟರ ಸ್ಕೂಟರು ಇವತ್ತು ಎಲ್ಲಿ ನಿಂತಿತು, ಈ ಮಾತುಗಳ ನಡುವೆ ತಾನೂ ಒಂದು ಮಾತು ಸೇರಿಸಿ ಅದಕ್ಕೆ ಸಾಲು ನಕ್ಕಾಗ ಅವನಿಗೆ ಮೈಯೆಲ್ಲ ಬೆಚ್ಚಗಾಯಿತು. ಮನುಷ್ಯನಿಗೆ ಇಷ್ಟು ಸಾಕಲ್ಲ ಎನ್ನಿಸುತ್ತಿತ್ತು. ರಾತ್ರಿ ಅತ್ತೆಯ ಎದುರು ಕೂತಾಗ ಹಸಿವಿರುತ್ತಿರಲಿಲ್ಲ. 'ಬನ್ನು ತಿಂದೂ ತಿಂದೂ ಹೊಟ್ಟೆ ಸತ್ತೋಗದೆ ನಿನಗೆ' ಎಂದು ಅತ್ತೆ ಅವನ ಕೆನ್ನೆ ಮುಟ್ಟಿ ನೋಡುತ್ತಿದ್ದಳು. ಕೆನ್ನೆ ತುಂಬಿಕೊಳ್ಳುತ್ತಿತ್ತು. ಅದು ಅವಳ ಬೆರಳಿಗೆ ಗೊತ್ತಾಗುತ್ತಿಲ್ಲವೇ ಎಂದು ಅವನು ಉಸಿರು ಹಿಡಿದು ಕೂರುತ್ತಿದ್ದ. 'ಮಧ್ಯಾಹ್ನ ನೀನೇನ್ ಮಾಡ್ಕೋತೀಯ ಅತ್ತೆ?' ಎಂದು ಒಂದು ದಿನ ಕೇಳಿದ. 'ಒಬ್ಬಳಿಗೇನೋ ಒಲೆ ಹಚ್ಚೋದು. ರಾತ್ರೀದು ಇರ್ತದೆ' ಎಂದಳು. ಮಧ್ಯಾಹ್ನ ಹೊಗೆ ಏಳದ್ದನ್ನು ಮಾವ ಗಮನಿಸಿದ್ದರು. ಒಂದು ರಾತ್ರಿ ಬಚ್ಚಲಿಗೆ ಹೋಗುತ್ತ ಅಲ್ಲೇ ನಿಂತು, 'ಏನಯ್ಯಾ, ಒಂದೊತ್ತಿಗೆ ಇಳಿಸಿಬಿಟ್ಯಂತೆ?' ಅಂದರು. ದನಿಯಲ್ಲಿ ಸಂತೋಷವಿತ್ತು. ಸದಾಶಿವನಿಗೆ ಅದು ತನ್ನದೇ ಸಂತೋಷದ ಹಾಗೆ ಕೇಳಿಸಿತು.

ಅತ್ತೆ ಮೆಸ್ಸಿಗೆ ಬಂದದ್ದು ಒಂದು ಗುರುವಾರ. ಸೋನೆ ಹಿಡಿದಿತ್ತು, ಹೊರಗೆ ಹೋಗಬೇಕಾದವರೂ ಹೋಗದೆ ಮೆಸ್ಸು ತುಂಬಿತ್ತು. ಸದಾಶಿವ ಎರಡನೆಯ ಮುದ್ದೆಗೆ ಕೈ ಹಾಕಿದ್ದ. ಬಾಗಿಲ ಬಳಿ ಯಾರೋ ಹೆಂಗಸು ಪುಟ್ಟರಂಗಯ್ಯನನ್ನು ಏನೋ ಕೇಳುತ್ತಿರುವುದು ಕಂಡಿತು. ಒದ್ದೆ ಸೆರಗು ತಲೆಯ ಮೇಲಿತ್ತು, ಕೈಯಲ್ಲಿ ಕ್ಯಾರಿಯರ್ ಇತ್ತು. ಯಾರದ್ದೋ ತಾಯಿ ಎಂದುಕೊಂಡ. ಆ ಕ್ಷಣ ನಿಜವಾಗಿಯೂ ಗುರುತು ಹತ್ತಲಿಲ್ಲ. ತುಮಕೂರಿಗೆ ಬಂದ ಮೇಲೆ ಅತ್ತೆಯನ್ನು ಅವನು ಹಿತ್ತಿಲ ಪಡಸಾಲೆಯ ಹೊರಗೆ, ಬಸ್ ಸ್ಟ್ಯಾಂಡಿನ ಹೊರಗೆ ಎಂದೂ ಕಂಡಿರಲಿಲ್ಲ. 'ಪ್ರಾಕ್ಟಿಕಲ್ಸ್ ಇರೋ ಹುಡುಗ್ರು ಎಲ್ಲಿರ್ತಾರಪ್ಪ? ನಮ್ಮ ಸದಾಶಿವ ಅಂತ, ಕುಣಿಗಲ್ ಕಡೇಯೋನು' ಎಂದು ಅವಳು ಕೇಳಿದ್ದು, 'ಇಷ್ಟೊತ್ತಿಗೆ ಯಾವ ಪ್ರಾಕ್ಟಿಕಲ್ಸು ತಾಯಿ, ಅಗೋ ಅಲ್ಲೇ ಕೂತವ್ರಲ್ಲ ಊಟಕ್ಕೆ' ಎಂದು ಪುಟ್ಟರಂಗಯ್ಯ ಸೌಟು ಚಾಚಿ ತೋರಿಸಿದ್ದು ಗಲಾಟೆಯ ನಡುವೆಯೂ ಸ್ಪಷ್ಟವಾಗಿ ಕೇಳಿಸಿತು. ಅತ್ತೆ ಸೌಟಿನ ದಿಕ್ಕಿಗೆ ನೋಡಿದಳು. ಸದಾಶಿವನ ಬಾಯಲ್ಲಿ ತುತ್ತಿತ್ತು. ಉಗುಳಲೂ ಆಗದು, ನುಂಗಲೂ ಆಗದು. ಎದ್ದುನಿಂತ. ಎದ್ದ ರಭಸಕ್ಕೆ ಲೋಟ ಉರುಳಿ ಮಜ್ಜಿಗೆ ಬೆಂಚಿನ ಮೇಲೆ ಹರಿಯಿತು.

'ಕೂತ್ಕೊ. ಉಣ್ತಾ ಉಣ್ತಾ ಏಳಬಾರ್ದು' ಎಂದಳು ಅತ್ತೆ, ಹತ್ತಿರ ಬಂದು. ದನಿಯಲ್ಲಿ ಏನೂ ಇರಲಿಲ್ಲ. ಪಟ್ಟಾಭಿ ತಟಕ್ಕನೆ ಜರುಗಿ ಜಾಗ ಮಾಡಿಕೊಟ್ಟ. ದಿನಾ ನಗುತ್ತಿದ್ದವನು, 'ಅತ್ತೆಯೋರಾ? ಕೂತ್ಕೊಳ್ಳಿ ಅಮ್ಮ, ನೆಂದುಬಿಟ್ಟಿದೀರ' ಎಂದು ತನ್ನ ಟವೆಲು ಕೊಟ್ಟ. ಅವನು ಹಾಸ್ಯ ಮಾಡಿದ್ದರೆ ಚೆನ್ನಾಗಿತ್ತು. ಪುಟ್ಟರಂಗಯ್ಯ ಕೇಳದೆಯೇ ಒಂದು ತಟ್ಟೆ ತಂದು ಅವಳ ಮುಂದಿಟ್ಟು, 'ಬಿಸಿ ಬಿಸಿ ಇದೆ ತಾಯಿ, ಒಂದ್ ತುತ್ತು ಉಣ್ಣಿ. ಮಳೇಲಿ ಬಂದಿದೀರಿ' ಎಂದ. ಬೇಡವೆನ್ನುತ್ತಾಳೆ, ಎದ್ದು ಹೋಗುತ್ತಾಳೆ ಎಂದು ಸದಾಶಿವ ಕಾದ. ಯಾರ ಕೈಯಡುಗೆ, ಯಾವ ಜನ ಎಂದು ಅತ್ತೆ ಕೇಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಹುಡುಗರ ಸಾಲಿನಲ್ಲಿ ಕೂತು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಆಮೇಲೆ ಇನ್ನೊಂದು ತುತ್ತು. ಆಮೇಲೆ ಬೇಗ ಬೇಗ. ಅವಳು ಹೀಗೆ ಉಣ್ಣುವುದನ್ನು ಅವನು ನೋಡಿಯೇ ಇರಲಿಲ್ಲ. ತನ್ನ ಒಲೆಯ ಮುಂದೆ ಅವಳು ಅವನ ತಟ್ಟೆಯನ್ನೇ ನೋಡುತ್ತ, ಬಡಿಸುತ್ತ, ನಡುವೆ ಯಾವಾಗಲೋ ಉಂಡು ಮುಗಿಸುತ್ತಿದ್ದಳು. 'ಸಾರು?' ಎಂದ ಪುಟ್ಟರಂಗಯ್ಯ. ಅವಳು ತಟ್ಟೆ ಮುಂದೆ ಚಾಚಿದಳು. ಇನ್ನೊಬ್ಬರು ನಿಂತು ಬಡಿಸಿ ಅವಳು ಕೂತು ಉಂಡು ಎಷ್ಟು ವರ್ಷವಾಗಿರಬಹುದು ಎಂದುಕೊಳ್ಳುತ್ತ ಸದಾಶಿವ ಬಾಯಲ್ಲಿದ್ದ ತುತ್ತನ್ನು ನುಂಗಿದ. ಅತ್ತೆ ಅವನ ಕಡೆ ಬಾಗಿ ಮೆಲ್ಲಗೆ, 'ಉಪ್ಪು, ಹುಳಿ, ಎಲ್ಲಾ ಸರಿಯಾಗದೆ ಕಣೋ. ನನಗೆ ಹಿಂಗ್ ಬರಲ್ಲ' ಎಂದಳು.

ಗೇಟಿನ ತನಕ ಅವನು ಜೊತೆಗೆ ಹೋದ. ಕ್ಯಾರಿಯರನ್ನು ಅವಳು ಪಟ್ಟಾಭಿಗೆ ಕೊಟ್ಟು, ಸಂಜೆಗೆ ಇಬ್ಬರೂ ತಿನ್ನಿ ಅಂದಿದ್ದಳು. 'ಅತ್ತೆ, ವಾರ್ಡನ್ನು ಒಂದೊತ್ತಾದ್ರೂ...' ಎಂದು ಶುರುಮಾಡಿದ ಸದಾಶಿವ. ಕೊನೆಗೂ ನಿಜ ಹೇಳಲು ಬಾಯಿ ತೆರೆದಾಗ ಅದು ಸುಳ್ಳಿನ ಹಾಗೆ ಕೇಳಿಸಿತು. 'ಇರ್ಲಿ ಬುಡು. ಒಳಗ್ ಹೋಗು, ನೆನೀತೀಯ' ಎಂದಳು ಅತ್ತೆ. ಬಿ.ಎಚ್. ರಸ್ತೆಯಲ್ಲಿ ಲಾರಿಗಳು ಕೆಸರು ಹಾರಿಸುತ್ತಿದ್ದವು. ರಸ್ತೆ ದಾಟಲು ಅವಳು ಬಹಳ ಹೊತ್ತು ನಿಂತಳು. ಹೋಗಿ ಕೈಹಿಡಿದು ದಾಟಿಸಬಹುದಿತ್ತು. ಬೆಲ್ ಹೊಡೆಯಿತು.

ಆ ರಾತ್ರಿ ಅವನು ಹೋಗಲಿಲ್ಲ. ತಲೆನೋವು ಎಂದು ಮಲಗಿದ. ತಲೆನೋವು ಬಂದಿತು ಕೂಡ. ಶುಕ್ರವಾರ ಹೊರಟವನು ಓಣಿಯ ಬಾಯಿಗೆ ಹೋಗಿ ನಿಂತ. ಪಡಸಾಲೆಯಲ್ಲಿ ಬುಡ್ಡಿದೀಪ ಉರಿಯುತ್ತಿತ್ತು, ಹೊಗೆಯ ವಾಸನೆ ಬರುತ್ತಿತ್ತು. ಒಳಗೆ ಹೋದರೆ ಅವಳು ಏನೂ ಅನ್ನುವುದಿಲ್ಲ, ವಿಭೂತಿ ಹಚ್ಚುತ್ತಾಳೆ, ತಟ್ಟೆಯಿಡುತ್ತಾಳೆ. ಒಂದು ಮಾತು ಬೈದುಬಿಟ್ಟರೆ ಆ ಬೈಗುಳವನ್ನು ಹಿಡಿದುಕೊಂಡು ಒಳಗೆ ಹೋಗಬಹುದಿತ್ತು. ಬೈಯದವಳ ಮುಂದೆ ಹೇಗೆ ಕೂರುವುದು? ವಾಪಸು ಬಂದು ಸ್ಟ್ಯಾಂಡಿನ ಅಂಗಡಿಯಲ್ಲಿ ಬನ್ನು, ಬಾಳೆಹಣ್ಣು ತಿಂದ. ಶನಿವಾರ ಓಣಿಯ ಕಡೆಗೂ ಹೋಗಲಿಲ್ಲ. ಭಾನುವಾರ ಹೋಗಿ ಕಾಲಿಗೆ ಬಿದ್ದುಬಿಡುತ್ತೇನೆ, ಮೆಸ್ಸೂ ಬೇಡ ರೂಮೂ ಬೇಡ, ಬಸ್ ಸ್ಟ್ಯಾಂಡಿನಲ್ಲಾದರೂ ಮಲಗುತ್ತೇನೆ, ಎರಡು ಹೊತ್ತೂ ನಿನ್ನ ಹತ್ತಿರವೇ ಉಣ್ಣುತ್ತೇನೆ ಎನ್ನುತ್ತೇನೆ ಎಂದುಕೊಂಡ. ಹಾಗೆಂದುಕೊಂಡದ್ದೇ ಎಷ್ಟು ಸಮಾಧಾನವಾಯಿತೆಂದರೆ, ಆಗಲೇ ಅಂದು ಮುಗಿಸಿದವನಂತೆ ನಿದ್ದೆ ಹೋದ.

ಭಾನುವಾರ ಹಿತ್ತಿಲ ಬಾಗಿಲು ತಳ್ಳಿದಾಗ ಪಡಸಾಲೆ ಅಗಲವಾಗಿ ಕಂಡಿತು. ಒಲೆ ಇರಲಿಲ್ಲ. ಅದಿದ್ದ ಜಾಗವನ್ನು ಸಗಣಿ ಹಾಕಿ ಸಾರಿಸಿದ್ದರು; ಗೋಡೆಯ ಮೇಲಿನ ಮಸಿಯನ್ನು ಉಜ್ಜಿದ್ದರೂ ಪೂರ್ತಿ ಹೋಗಿರಲಿಲ್ಲ. ಸದಾಶಿವ ತಪ್ಪು ಮನೆಗೆ ಬಂದವನ ಹಾಗೆ ನಿಂತ. ನಡುಬಾಗಿಲಿಗೆ ಉಮಾಮಹೇಶ್ವರಿ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು. ಹಿಂದೆ ತಿರುಗಿ ನೋಡಿ, ದನಿ ತಗ್ಗಿಸಿ, 'ಎರಡ್ ರಾತ್ರೀನೂ ಮುದ್ದೆ ಕಟ್ಕೊಂಡು ಕಾದ್ರಪ್ಪ. ನೀನು ಬರ್ಲಿಲ್ಲ. ಶನಿವಾರ ಬೆಳಗ್ಗೆ ನೋಡಿದ್ರೆ ತಾವೇ ಹಾರೆ ತಗೊಂಡು ಕಿತ್ತಾಕ್ತಾ ಇದ್ರು. ಯಾರೂ ಏನೂ ಅಂದಿಲ್ಲ, ಲಿಂಗದಾಣೆಗೂ ನಾನೇನೂ ಅಂದಿಲ್ಲ' ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅವಳು ಒಳ್ಳೆಯವಳು ಎಂಬುದು ಸದಾಶಿವನಿಗೆ ಯಾವಾಗಲೂ ಗೊತ್ತಿತ್ತು. ಅದರಿಂದ ಯಾರಿಗೂ ಏನೂ ಉಪಯೋಗವಾಗಿರಲಿಲ್ಲ.

ಅತ್ತೆ ನಡುಮನೆಯಲ್ಲಿ ಕಂಬಕ್ಕೊರಗಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಆ ಅಕ್ಕಿ ಒಳಗಿನ ಅಡುಗೆಮನೆಯದು. 'ಅತ್ತೆ, ಯಾಕ್ ಕಿತ್ತಾಕ್ದೆ? ನಾನು ಬರ್ತೀನಿ. ಎರಡು ಹೊತ್ತೂ ಬರ್ತೀನಿ. ಮತ್ತೆ ಹಾಕೋಣ, ನಾನೇ ಮಣ್ಣು ತ...' 'ಬ್ಯಾಡ ಬುಡೋ' ಎಂದಳು ಅತ್ತೆ, ಮೊರದಿಂದ ಕಣ್ಣೆತ್ತದೆ. 'ನನಗೂ ಸಾಕಾಗಿತ್ತು. ಹೊಗೆ ಕುಡ್ದೂ ಕುಡ್ದೂ ಕಣ್ಣು ಹೋಯ್ತು.' ಅದು ನಿಜವಿರಬಹುದೇ ಎಂದು ಸದಾಶಿವ ಅವಳ ಮುಖವನ್ನು ಹುಡುಕಿದ. ನಿಜವಾಗಿದ್ದರೆ ಎಷ್ಟು ಚೆನ್ನ. ನಿಜವಾಗಿದ್ದರೆ ಇಷ್ಟು ದಿನ ಅವಳು ಅವನಿಗಾಗಿ ಹೊಗೆ ಕುಡಿದಳು, ಅವನು ಅವಳಿಗಾಗಿ ಉಪ್ಪುಸಾರು ಉಂಡ. ಅವಳ ಮುಖ ಏನನ್ನೂ ಹೇಳಲಿಲ್ಲ. ಅಷ್ಟರಲ್ಲಿ ಮಾವ ಹೊರಗಿನಿಂದ ಬಂದವರು, 'ಓ, ಬಾರಯ್ಯ, ಬಾ ಬಾ. ಅಲ್ಲೇನ್ ನಿಂತಿದೀಯ, ಇಲ್ಲಿ ಕೂರು' ಎಂದು ಅವನ ಹೆಗಲ ಮೇಲೆ ಕೈಹಾಕಿ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ಆ ಮನೆಯಲ್ಲಿ ಮೊದಲ ಸಲ ಅವನಿಗೆ ಮಣೆ ಹಾಕಿದ್ದರು. ಉಮಾಮಹೇಶ್ವರಿ ಬಡಿಸಿದಳು. ಒತ್ತುಶ್ಯಾವಿಗೆ, ಕಾಯಿಹಾಲು, ಹುರುಳಿಕಾಯಿ ಪಲ್ಯ. 'ನಿಮ್ಮಪ್ಪನಿಗೆ ಒಂದ್ ಕಾರ್ಡ್ ಹಾಕಿಬಿಡು, ಇನ್ಮೇಲೆ ರಾಗಿಗೀಗಿ ಕಳಿಸೋ ತಾಪತ್ರಯ ಬ್ಯಾಡ ಅಂತ. ಎಲ್ಲಾರ್ದೂ ಒಂದೇ ಕಡೆ ಆಯ್ತಲ್ಲ' ಎಂದರು ಮಾವ, ಉತ್ಸಾಹದಿಂದ. ಮೊರದಲ್ಲಿ ಅಕ್ಕಿ ಸರಿಯುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಸದಾಶಿವ ತಲೆ ತಗ್ಗಿಸಿ ಉಂಡ. ತುಂಬ ರುಚಿಯಾಗಿತ್ತು. ರುಚಿಯಾಗದಿರಲಿ ಎಂದು ಎಷ್ಟು ಬೇಡಿಕೊಂಡರೂ ನಾಲಗೆ ಕೇಳಲಿಲ್ಲ. 'ಇನ್ನೊಂದ್ ಸ್ವಲ್ಪ?' ಎಂದಳು ಉಮಾಮಹೇಶ್ವರಿ. ಅವನು ಬೇಡವೆನ್ನುವಷ್ಟರಲ್ಲಿ ಹಾಕಿದ್ದಳು. ಅವನು ಬೇಡವೆನ್ನಲು ತಡಮಾಡಿದ್ದ.

ಕೈತೊಳೆದು ಬಂದಾಗ ಅತ್ತೆ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಳು. ಅವನೂ ಕೆಳಗಿನ ಮೆಟ್ಟಿಲಲ್ಲಿ ಕೂತ. ಹೇಳಬೇಕಾದದ್ದೆಲ್ಲ ಬೆಳಗ್ಗೆ ಹಾಸಿಗೆಯಲ್ಲಿ ಸಾಲುಸಾಲಾಗಿ ಇತ್ತು, ಈಗ ಒಂದೂ ಇರಲಿಲ್ಲ. ಅತ್ತೆಯೇ ಮಾತಾಡಿದಳು. 'ನಿಮ್ ಮೆಸ್ಸಲ್ಲಿ ದಿನಾ ಅದೇ ಸಾರಾ?' 'ಇಲ್ಲ ಅತ್ತೆ, ಒಂದೊಂದ್ ದಿನ ಒಂದೊಂದು.' 'ಸೋಮವಾರ ಏನ್ ಮಾಡ್ತಾರೆ?' 'ಸೋಮವಾರ ಬಸ್ಸಾರು.' 'ಬಸ್ಸಾರು. ಹೂಂ. ಮಂಗಳವಾರ?' ಅವನು ಹೇಳಿದ. ಬುಧವಾರದ್ದು ಹೇಳಿದ. ಅವನು ಸಣ್ಣವನಿದ್ದಾಗ ಅವಳು ಊರಿಗೆ ಬಂದು ಕತೆ ಹೇಳಿದರೆ ಮಕ್ಕಳೆಲ್ಲ ಹೂಂಗುಟ್ಟುತ್ತಿದ್ದಂತೆ ಅವಳು ಹೂಂಗುಟ್ಟುತ್ತಿದ್ದಳು. ಗುರುವಾರವನ್ನು ಇಬ್ಬರೂ ಬಿಟ್ಟರು. 'ಶುಕ್ರವಾರ?' 'ಶುಕ್ರವಾರ ಹೋಳಿಗೆ' ಎಂದ ಸದಾಶಿವ. ಮೆಸ್ಸಿನಲ್ಲಿ ಹೋಳಿಗೆಯನ್ನು ಯಾರೂ ಕಂಡಿರಲಿಲ್ಲ. ಯಾಕೆ ಹಾಗಂದೆ ಎಂದು ಅವನಿಗೇ ತಿಳಿಯಲಿಲ್ಲ. 'ಹೋಳಿಗೆನಾ! ಅಷ್ಟ್ ಜನಕ್ಕೆ ಹೆಂಗ್ ತಟ್ತಾನೋ ಆ ಪುಣ್ಯಾತ್ಮ' ಎಂದು ಅತ್ತೆ ನಕ್ಕಳು. ನಂಬಿರಲಿಲ್ಲ, ನಂಬಬೇಕೆಂದು ಅವಳಿಗೆ ಇರಲೂ ಇಲ್ಲ.

ಒಳಗಿನಿಂದ ಉಮಾಮಹೇಶ್ವರಿ ಕರೆದಳು: 'ಅಕ್ಕಾ, ಬನ್ನಿ. ತಟ್ಟೆ ಹಾಕಿದೀನಿ.'

ಅತ್ತೆ ಕೂಡಲೇ ಏಳಲಿಲ್ಲ. 'ಕರೀತಾಳೆ' ಎಂದಳು. ಆಮೇಲೆ ಸದಾಶಿವನ ಮುಖ ನೋಡಿದಳು. ಅವನು ಏನಾದರೂ ಒಂದು ಮಾತು ಅಂದರೆ ತಾನು ಒಳಗೆ ಹೋಗಬೇಕಾಗಿಲ್ಲ ಎನ್ನುವಂತೆ, ಆ ಮಾತು ಯಾವುದೆಂದು ಅವಳಿಗೂ ಗೊತ್ತಿಲ್ಲ ಎನ್ನುವಂತೆ, ನೋಡುತ್ತಲೇ ಇದ್ದಳು. ಸದಾಶಿವ ಬಾಯಿ ತೆರೆದ.

'ಶನಿವಾರ ಚಿತ್ರಾನ್ನ, ಅತ್ತೆ' ಎಂದ.

'ಹೂಂ' ಎಂದಳು ಸರ್ವಮಂಗಳಮ್ಮ. ಮಂಡಿಯ ಮೇಲೆ ಕೈಯೂರಿ ಎದ್ದು, ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.